ಕಪ್ಪಿನ ಲೆಕ್ಕ: ಅಗ್ಗದ ಲ್ಯಾಪ್‌ಟಾಪ್ ಪರದೆಗಳ ಸಮೀಕ್ಷೆ

ಮೂವತ್ತೈದರಿಂದ ಐವತ್ತು ಸಾವಿರ ರೂಪಾಯಿಯೊಳಗಿನ ಲ್ಯಾಪ್‌ಟಾಪ್ ಕೊಂಡವರಿಂದ ಮೊದಲ ವಾರದಲ್ಲೇ ಒಂದು ದೂರು ಕೇಳಿಬರುತ್ತದೆ. ರಾತ್ರಿ ಕೋಣೆಯ ದೀಪ ಆರಿಸಿ ಸಿನಿಮಾ ಹಾಕಿದರೆ, ಕಪ್ಪಾಗಿರಬೇಕಾದ ಮೂಲೆಗಳು ಮಸುಕು ಬಿಳಿಯಾಗಿ ಹೊಳೆಯುತ್ತವೆ. ಕೆಳಗಿನ ಅಂಚಿನಲ್ಲಿ ಒಂದೆರಡು ಕಡೆ ಹಳದಿ ಛಾಯೆಯ ತೇಪೆ ಕಾಣುತ್ತದೆ. ಬ್ಯಾಕ್‌ಲೈಟ್ ಬ್ಲೀಡಿಂಗ್ ಎಂದು ಎಲ್ಲರೂ ಕರೆಯುವ ದೋಷ ಇದೇ, ಕನ್ನಡದಲ್ಲಿ ಬೆಳಕಿನ ಸೋರಿಕೆ. ಸರ್ವಿಸ್ ಸೆಂಟರಿಗೆ ಒಯ್ದರೆ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಅದನ್ನು ನೋಡಿ, ‘ಇದು ನಾರ್ಮಲ್ ಸರ್, ಎಲ್ಲಾ ಮಾಡೆಲ್ಲಲ್ಲೂ ಇರುತ್ತೆ’ ಎಂದು ವಾಪಸ್ ಕಳಿಸುತ್ತಾರೆ. ಕೊಂಡವರಿಗೆ ಮೋಸ ಹೋದ ಭಾವ, ಸರ್ವಿಸ್‌ನವರಿಗೆ ಸುಮ್ಮನೆ ತಲೆನೋವು.

ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯವಿದೆ. ಲ್ಯಾಪ್‌ಟಾಪ್ ಪರದೆಯ ಗುಣವನ್ನು ತಯಾರಕರು ಅಳೆಯುವುದು ಬಹುಪಾಲು ಬಿಳಿ ಪರದೆಯ ಮೇಲೆ. ಕೊಂಡವರು ಅದನ್ನು ಪರೀಕ್ಷಿಸುವುದು ಕಪ್ಪು ಪರದೆಯ ಮೇಲೆ. ಜಗಳ ಹುಟ್ಟುವುದು ಈ ಎರಡರ ನಡುವೆ. ಆದರೆ ಕಪ್ಪಿನಲ್ಲಿ ಎದ್ದು ಕಾಣುವ ದೋಷದ ಹಿಂದೆ ಓಡುವ ಭರದಲ್ಲಿ, ಹಗಲೆಲ್ಲ ಕಣ್ಣೆದುರೇ ಇದ್ದರೂ ದೋಷವೆಂದು ಗುರುತಿಗೆ ಬಾರದ ಕೊರತೆಗಳನ್ನು ನಾವು ಸಲೀಸಾಗಿ ಒಪ್ಪಿಕೊಂಡುಬಿಟ್ಟಿದ್ದೇವೆ. ನನ್ನ ತಕರಾರು ಇರುವುದು ಮುಖ್ಯವಾಗಿ ಅದರ ಬಗ್ಗೆ.

ಎಲ್‌ಸಿಡಿ ಪರದೆಗೆ ಸ್ವಂತ ಬೆಳಕಿಲ್ಲ. ಲ್ಯಾಪ್‌ಟಾಪಿನಲ್ಲಿ ಪರದೆಯ ಒಂದು ಅಂಚಿಗೆ, ಸಾಮಾನ್ಯವಾಗಿ ಕೆಳ ಅಂಚಿಗೆ, ಪುಟ್ಟ ಬಿಳಿ ಎಲ್‌ಇಡಿಗಳ ಒಂದು ಸಾಲು ಇರುತ್ತದೆ. ಅವುಗಳ ಬೆಳಕು ಅಕ್ರಿಲಿಕ್ಕಿನಂಥ ಪಾರದರ್ಶಕ ಪ್ಲಾಸ್ಟಿಕ್‌ನ ತೆಳು ಹಾಳೆಯ ಅಂಚಿನಿಂದ ಒಳಹೊಕ್ಕು, ಒಳಗೊಳಗೇ ಪ್ರತಿಫಲಿಸುತ್ತ ಇನ್ನೊಂದು ತುದಿಯವರೆಗೆ ಸಾಗುತ್ತದೆ. ಹಾಳೆಯ ಬೆನ್ನ ಮೇಲೆ ಅತಿ ಸಣ್ಣ ಚುಕ್ಕೆಗಳಿರುತ್ತವೆ. ಎಲ್‌ಇಡಿಯ ಹತ್ತಿರ ಅವು ವಿರಳ, ದೂರ ಹೋದಂತೆ ದಟ್ಟ. ಚುಕ್ಕೆಗೆ ಬಡಿದ ಬೆಳಕು ದಿಕ್ಕು ಬದಲಿಸಿ ಮುಂದಕ್ಕೆ ಹೊರಬೀಳುತ್ತದೆ. ಹತ್ತಿರ ಬೆಳಕು ಹೆಚ್ಚು, ಚುಕ್ಕೆ ಕಡಿಮೆ. ದೂರದಲ್ಲಿ ಬೆಳಕು ಕಡಿಮೆ, ಚುಕ್ಕೆ ಹೆಚ್ಚು. ಹೀಗೆ ಇಡೀ ಪರದೆಗೆ ಒಂದೇ ಸಮನಾದ ಬೆಳಕು ಸಿಗುತ್ತದೆ. ಹಾಳೆಯ ಹಿಂದೆ ಬೆಳಕನ್ನು ಹಿಂತಿರುಗಿಸುವ ಬಿಳಿ ಹೊದಿಕೆ ಇದ್ದರೆ, ಮುಂದೆ ಬೆಳಕನ್ನು ಹರಡುವ ಮತ್ತು ನೇರವಾಗಿಸುವ ಎರಡು ಮೂರು ಫಿಲ್ಮುಗಳಿರುತ್ತವೆ. ಇಷ್ಟೆಲ್ಲ ಸೇರಿ ದಪ್ಪ ಕೆಲವೇ ಮಿಲಿಮೀಟರ್. ಇದರ ಕುಶಲತೆಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ ಎಂಬುದು ಬೇರೆ ಮಾತು.

ಆ ಬೆಳಕಿನ ಮುಂದೆ ಎರಡು ಗಾಜುಗಳ ನಡುವೆ ದ್ರವ ಹರಳಿನ ಪದರವಿದೆ. ಗಾಜುಗಳ ಹೊರಮೈಗೆ ಒಂದೊಂದು ಪೋಲರೈಸರ್, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆ, ಅಂಟಿಸಿರುತ್ತಾರೆ. ಎರಡು ಪೋಲರೈಸರ್‌ಗಳೂ ಒಂದಕ್ಕೊಂದು ಅಡ್ಡಲಾಗಿರುವುದರಿಂದ ಮೊದಲನೆಯದನ್ನು ದಾಟಿದ ಬೆಳಕನ್ನು ಎರಡನೆಯದು ತಡೆಯುತ್ತದೆ. ನಡುವಿನ ದ್ರವ ಹರಳು ಬೆಳಕಿನ ಕಂಪನದ ದಿಕ್ಕನ್ನು ತಿರುಗಿಸಿದಾಗ ಮಾತ್ರ ಅದು ಹೊರಬರುತ್ತದೆ. ಎಷ್ಟು ತಿರುಗಿಸಬೇಕು ಎಂಬುದನ್ನು ಪ್ರತಿ ಪಿಕ್ಸೆಲ್ಲಿನ ವಿದ್ಯುತ್ ಒತ್ತಡ ನಿರ್ಧರಿಸುತ್ತದೆ. ಪೋಲರೈಸರ್, ಬಣ್ಣದ ಫಿಲ್ಟರ್, ಪಿಕ್ಸೆಲ್ಲುಗಳ ನಡುವಿನ ಕಪ್ಪು ಗೆರೆಗಳನ್ನೆಲ್ಲ ದಾಟಿ ನಮ್ಮ ಕಣ್ಣಿಗೆ ತಲುಪುವುದು ಹಿಂದಿನ ದೀಪ ಚೆಲ್ಲಿದ ಬೆಳಕಿನ ಶೇ 5ರ ಆಸುಪಾಸು ಮಾತ್ರ. ಅಂದರೆ ಈ ಪರದೆಯಲ್ಲಿ ಕಪ್ಪು ಎಂದರೆ ಆರಿದ ದೀಪವಲ್ಲ, ಪೂರ್ತಿ ಉರಿಯುತ್ತಿರುವ ದೀಪವನ್ನು ತಡೆಹಿಡಿದ ಸ್ಥಿತಿ. ಆ ತಡೆ ಯಾವ ಎಲ್‌ಸಿಡಿಯಲ್ಲೂ ಪರಿಪೂರ್ಣವಲ್ಲ.

ಎಷ್ಟು ಅಪೂರ್ಣ ಎಂಬುದನ್ನು ಹೇಳುವುದು ಕಾಂಟ್ರಾಸ್ಟ್ ಅನುಪಾತ. ಬಿಳಿ ಪರದೆ 250 ನಿಟ್ (ನಿಟ್ ಎಂದರೆ ಹೊಳಪಿನ ಮಾನ) ಹೊಳೆಯುವ, 1000:1 ಅನುಪಾತದ ಪ್ಯಾನೆಲ್ಲಿನಲ್ಲಿ ಕಪ್ಪು 0.25 ನಿಟ್ ಹೊಳೆಯುತ್ತದೆ. ಅನುಪಾತ 500:1 ಇದ್ದರೆ ಕಪ್ಪೇ 0.5 ನಿಟ್. ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಇದು ಸ್ಪಷ್ಟವಾಗಿ ಬೂದು. ಇಡೀ ಪರದೆ ಒಂದೇ ಬೂದಾಗಿದ್ದರೆ ಕಣ್ಣು ಹೊಂದಿಕೊಂಡು ಅದನ್ನೇ ಕಪ್ಪೆಂದು ಒಪ್ಪುತ್ತದೆ. ನಡುವೆ 0.25, ಮೂಲೆಯಲ್ಲಿ 0.75 ಆದಾಗ ಮಾತ್ರ ವ್ಯತ್ಯಾಸ ಚುಚ್ಚುತ್ತದೆ. ಗಮನಿಸಿ, ಆ ಮೂಲೆಯಲ್ಲಿ ಹೆಚ್ಚಾದದ್ದು ಅರ್ಧ ನಿಟ್. ಬಿಳಿ ಪುಟದ ಮೇಲೆ 250ಕ್ಕೆ ಅರ್ಧ ಸೇರಿದರೆ ಯಾವ ಕಣ್ಣಿಗೂ ಗೊತ್ತಾಗುವುದಿಲ್ಲ. ಹಗಲಿಡೀ ವರ್ಡ್, ಎಕ್ಸೆಲ್, ಬ್ರೌಸರ್ ನೋಡುವವರಿಗೆ ಸೋರಿಕೆ ಇದ್ದರೂ ಇಲ್ಲದಂತೆ ಇರುವುದು ಈ ಕಾರಣಕ್ಕೆ.

ಈ ಅರ್ಧ ನಿಟ್ ಬರುವುದು ಎಲ್ಲಿಂದ? ಒಂದು ಕಾರಣ ಸರಳ. ಬೆಳಕಿನ ಹಾಳೆ, ಫಿಲ್ಮುಗಳು, ಗಾಜು, ಇವನ್ನೆಲ್ಲ ಹಿಡಿದಿಡುವ ಚೌಕಟ್ಟು ಸರಿಯಾಗಿ ಕೂಡದ ಕಡೆ ಬೆಳಕು ಪ್ಯಾನೆಲ್ಲಿನ ಅಂಚನ್ನು ಬಳಸಿಕೊಂಡು ಹೊರಬರುತ್ತದೆ. ಇದು ನಿಜವಾದ ಅರ್ಥದ ಸೋರಿಕೆ, ಅಂಚಿಗೆ ಅಂಟಿಕೊಂಡ ಹರಿತವಾದ ಗೆರೆಯಂತೆ ಕಾಣುತ್ತದೆ.

ಇನ್ನೊಂದು ಕಾರಣ ಹೆಚ್ಚು ಸೂಕ್ಷ್ಮ, ನನಗೆ ಹೆಚ್ಚು ಕುತೂಹಲದ್ದು. ಗಾಜನ್ನು ಒತ್ತಿದರೆ ಅಥವಾ ಬಗ್ಗಿಸಿದರೆ ಅದರ ದ್ಯುತಿ ಗುಣ ಬದಲಾಗುತ್ತದೆ. ಒಂದು ದಿಕ್ಕಿನಲ್ಲಿ ಕಂಪಿಸುವ ಬೆಳಕು ಇನ್ನೊಂದು ದಿಕ್ಕಿನದಕ್ಕಿಂತ ಬೇರೆ ವೇಗದಲ್ಲಿ ಸಾಗತೊಡಗುತ್ತದೆ. ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ ಹತ್ತೊಂಬತ್ತನೆಯ ಶತಮಾನದ ಎರಡನೆಯ ದಶಕದಲ್ಲೇ ಇದನ್ನು ಕಂಡಿದ್ದ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಎರಡು ಪೋಲರೈಸರ್‌ಗಳ ನಡುವೆ ಪ್ಲಾಸ್ಟಿಕ್ ತುಂಡಿಟ್ಟು ಒತ್ತಿ, ಒತ್ತಡದ ಬಣ್ಣದ ಪಟ್ಟೆಗಳನ್ನು ತೋರಿಸುವ ಪ್ರಯೋಗವೂ ಇದೇ. ಎಲ್‌ಸಿಡಿ ಎಂದರೆ ಎರಡು ಪೋಲರೈಸರ್‌ಗಳ ನಡುವೆ ಗಾಜಿಟ್ಟ ವ್ಯವಸ್ಥೆಯೇ ತಾನೆ? ಆ ಗಾಜಿನ ಒಂದು ಮೂಲೆಯನ್ನು ಸ್ಕ್ರೂ ಬಿಗಿಯಾಗಿ ಹಿಡಿದರೆ, ಅಂಟುಪಟ್ಟಿ ಒಂದು ಕಡೆ ಎಳೆದರೆ, ಮುಚ್ಚಳ ಸ್ವಲ್ಪ ತಿರುಚಿದ್ದರೆ, ಅಲ್ಲಿ ಬೆಳಕಿನ ಕಂಪನ ತುಸು ತಿರುಗಿ ಎರಡನೆಯ ಪೋಲರೈಸರ್‌ನಿಂದ ತಪ್ಪಿಸಿಕೊಳ್ಳುತ್ತದೆ. ಮೋಡದಂತೆ ಹರಡಿದ, ಅಂಚಿನಿಂದ ಒಳಗೂ ಚಾಚಿದ ತೇಪೆಗಳಿಗೆ ಹೆಚ್ಚಾಗಿ ಈ ಒತ್ತಡವೇ ಮೂಲ. ಪ್ಯಾನೆಲ್ ಉದ್ಯಮದವರು ಇಂಥ ಎಲ್ಲ ಅಸಮತೆಗಳನ್ನು ಒಟ್ಟಾಗಿ ಜಪಾನಿ ಪದದಲ್ಲಿ ‘ಮುರಾ’ ಎನ್ನುತ್ತಾರೆ.

ಅಗ್ಗದ ಲ್ಯಾಪ್‌ಟಾಪಿನಲ್ಲಿ ಇದು ಹೆಚ್ಚಾಗಿ ಕಾಣಲು ಪ್ಯಾನೆಲ್ಲೊಂದೇ ಕಾರಣವಲ್ಲ, ಮುಚ್ಚಳವೂ ಕಾರಣ. ಅಲ್ಯೂಮಿನಿಯಂ ಮುಚ್ಚಳ ಒಂದು ಮೂಲೆ ಹಿಡಿದು ಎತ್ತಿದರೂ ಅಷ್ಟಾಗಿ ಬಾಗುವುದಿಲ್ಲ. ತೆಳು ಪ್ಲಾಸ್ಟಿಕ್ ಮುಚ್ಚಳ ಬಾಗುತ್ತದೆ, ಅದರ ಜತೆ ಗಾಜೂ. 2015ರಲ್ಲಿ ಡೆಲ್ ಕಂಪನಿಯ ಎಕ್ಸ್‌ಪಿಎಸ್ 13 ಬಹುತೇಕ ಅಂಚಿಲ್ಲದ ಪರದೆಯೊಂದಿಗೆ ಬಂದ ಮೇಲೆ ತೆಳು ಬೆಜೆಲ್, ಅಂದರೆ ಪರದೆಯ ಸುತ್ತಲಿನ ಕಿರಿದಾದ ಅಂಚು, ಎಲ್ಲರ ಬಯಕೆಯಾಯಿತು, ಕೆಲವು ವರ್ಷಗಳಲ್ಲಿ ಅಗ್ಗದ ಮಾಡೆಲ್ಲುಗಳಿಗೂ ಇಳಿಯಿತು. ಹಿಂದೆ ಪ್ಯಾನೆಲ್ಲನ್ನು ನಾಲ್ಕು ಮೂಲೆಯ ಕಿವಿಗಳಿಗೆ ಸ್ಕ್ರೂ ಹಾಕಿ ಕೂಡಿಸುತ್ತಿದ್ದರು, ಅಂಚಿನ ಸೋರಿಕೆಯನ್ನು ಅಗಲವಾದ ಬೆಜೆಲ್ ಮರೆಮಾಡುತ್ತಿತ್ತು. ಈಗ ಕಿವಿ ಹೋಗಿ ಅಂಟುಪಟ್ಟಿ ಬಂದಿದೆ, ಮರೆಮಾಡಲು ಬೆಜೆಲ್ ಉಳಿದಿಲ್ಲ. ದುಬಾರಿ ಯಂತ್ರದಲ್ಲಿ ಗಟ್ಟಿ ಲೋಹದ ಬೆಂಬಲದ ಮೇಲೆ ನಿಂತ ವಿನ್ಯಾಸವನ್ನು ಪ್ಲಾಸ್ಟಿಕ್ಕಿನ ಮೇಲೆ ತಂದು ನಿಲ್ಲಿಸಿದರೆ ಆಗುವುದು ಇದೇ.

ಸೋರಿಕೆಯ ಜತೆ ಸದಾ ಗೊಂದಲವಾಗುವುದು ಐಪಿಎಸ್ ಗ್ಲೋ. ಐಪಿಎಸ್ ಬಗೆಯ ಪ್ಯಾನೆಲ್ಲನ್ನು ಓರೆಯಾಗಿ ನೋಡಿದಾಗ ಕಪ್ಪು ತುಸು ಬೆಳ್ಳಗೆ, ಕೆಲವೊಮ್ಮೆ ನೇರಳೆ ಅಥವಾ ಹಳದಿಯಾಗಿ ಕಾಣುತ್ತದೆ. ಅದು ಆ ತಂತ್ರಜ್ಞಾನದ ಸ್ವಭಾವ, ಜೋಡಣೆಯ ತಪ್ಪಲ್ಲ. ಲ್ಯಾಪ್‌ಟಾಪಿಗೆ ತೀರಾ ಹತ್ತಿರ ಕೂತವರಿಗೆ ನಾಲ್ಕೂ ಮೂಲೆಗಳು ಓರೆಯಲ್ಲೇ ಇರುವುದರಿಂದ ಗ್ಲೋ ಅಲ್ಲೇ ಕಾಣುತ್ತದೆ. ತಲೆಯನ್ನು ಆಚೀಚೆ ಸರಿಸಿದಾಗ ತೇಪೆ ಜಾಗ ಅಥವಾ ಬಣ್ಣ ಬದಲಿಸಿದರೆ ಅದು ಗ್ಲೋ, ಎಲ್ಲಿಂದ ನೋಡಿದರೂ ಅಲ್ಲೇ ಕದಲದೆ ನಿಂತರೆ ಸೋರಿಕೆ. ಕೆಳ ಅಂಚಿನಲ್ಲಿ ನಾಟಕದ ರಂಗದೀಪಗಳಂತೆ ಮೇಲ್ಮುಖವಾಗಿ ಬೆಳಕು ಸಾಲಾಗಿ ಕಂಡರೆ ಅದು ಮೂರನೆಯದೇ ಬೇನೆ. 2016ರ ಮ್ಯಾಕ್‌ಬುಕ್ ಪ್ರೊದಲ್ಲಿ ಮುಚ್ಚಳ ತೆರೆದು ಮುಚ್ಚಿ ಸವೆದ ಕೇಬಲ್ಲಿನಿಂದ ಹೀಗಾಗುತ್ತಿತ್ತು. 2019ರಲ್ಲಿ ಆ್ಯಪಲ್ 13 ಇಂಚಿನ ಮಾಡೆಲ್ಲಿಗೆ ಉಚಿತ ದುರಸ್ತಿ ಘೋಷಿಸಬೇಕಾಯಿತು. ದುಡ್ಡು ಹೆಚ್ಚು ಕೊಟ್ಟವರೂ ಪೂರ್ತಿ ಪಾರಾಗಿಲ್ಲ.

ಪ್ಯಾನೆಲ್ ಬಗೆಗಳ ಚರಿತ್ರೆಯಲ್ಲಿ ಬೆಂಗಳೂರಿಗೂ ಒಂದು ಪಾತ್ರವಿದೆ. ಇಂದಿಗೂ ಅತಿ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಸಿಗುವ ಟಿಎನ್ ಪ್ಯಾನೆಲ್ಲಿನ ತತ್ವ 1970-71ರದು. ಸ್ವಿಟ್ಜರ್ಲೆಂಡಿನಲ್ಲಿ ಮಾರ್ಟಿನ್ ಶಾಟ್ ಮತ್ತು ವೋಲ್ಫ್‌ಗ್ಯಾಂಗ್ ಹೆಲ್‌ಫ್ರಿಶ್, ಅಮೆರಿಕದಲ್ಲಿ ಜೇಮ್ಸ್ ಫರ್ಗಸನ್ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಅದನ್ನು ತಲುಪಿದರು. ಟಿಎನ್‌ನ ದೊಡ್ಡ ಕುಂದು ನೋಟದ ಕೋನ. ಸ್ವಲ್ಪ ಮೇಲಿನಿಂದ ನೋಡಿದರೆ ಬಣ್ಣ ತೊಳೆದುಹೋಗುತ್ತದೆ, ಕೆಳಗಿನಿಂದ ನೋಡಿದರೆ ಚಿತ್ರ ತಿರುವುಮುರುವಾಗಿ ನೆಗೆಟಿವ್‌ನಂತಾಗುತ್ತದೆ. 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್, ತಟ್ಟೆಯಾಕಾರದ ಅಣುಗಳೂ ದ್ರವ ಹರಳಾಗಬಲ್ಲವು ಎಂದು ತೋರಿಸಿದರು. ಅಲ್ಲಿಯವರೆಗೆ ಕಡ್ಡಿಯಾಕಾರದ ಅಣುಗಳಿಗೆ ಮಾತ್ರ ಆ ಗುಣವೆಂಬ ನಂಬಿಕೆಯಿತ್ತು. ಪ್ರಬಂಧ ಪ್ರಕಟವಾದದ್ದು ಬೆಂಗಳೂರಿನಿಂದಲೇ ಹೊರಬರುವ ‘ಪ್ರಮಾಣ’ ಪತ್ರಿಕೆಯಲ್ಲಿ. ಸಿ. ವಿ. ರಾಮನ್ ಅವರ ಸೋದರಿಯ ಮಗನಾದ ಚಂದ್ರಶೇಖರ್ ಅದಕ್ಕೂ ಮೊದಲು ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ವಿಭಾಗ ಕಟ್ಟಿದವರು. ಮುಂದೆ ಬೆಂಗಳೂರಿನಲ್ಲಿ ದ್ರವ ಹರಳುಗಳಿಗೆಂದೇ ಒಂದು ಕೇಂದ್ರ ಸ್ಥಾಪಿಸಿದರು. ಸುಮಾರು ಎರಡು ದಶಕಗಳ ನಂತರ ಜಪಾನಿನ ಫ್ಯೂಜಿ ಕಂಪನಿ ಇಂಥ ತಟ್ಟೆಯಣುಗಳನ್ನು ಓರೆಯಾಗಿ ಜೋಡಿಸಿದ ಫಿಲ್ಮ್ ತಯಾರಿಸಿತು. ಅದನ್ನು ಅಂಟಿಸಿದರೆ ಟಿಎನ್ ಪರದೆಯ ನೋಟದ ಕೋನ ಅಗಲವಾಗುತ್ತಿತ್ತು. ಡೆಸ್ಕ್‌ಟಾಪ್ ಮಾನಿಟರುಗಳಿಗೆ ಅದು ವರವಾಯಿತು.

ಅಗ್ಗದ ಲ್ಯಾಪ್‌ಟಾಪಿಗೆ ಆ ವರ ಅಷ್ಟಾಗಿ ತಲುಪಿದಂತಿಲ್ಲ. ಹದಿನೈದೂವರೆ ಇಂಚಿನ ಸಾಮಾನ್ಯ ಟಿಎನ್ ಪ್ಯಾನೆಲ್ಲಿನ ಡೇಟಾಶೀಟ್ ತೆರೆದರೆ ನೋಟದ ಕೋನ ಎಡಬಲಕ್ಕೆ 45 ಡಿಗ್ರಿ, ಮೇಲಕ್ಕೆ ಬರೀ 15, ಕೆಳಕ್ಕೆ 35 ಎಂಬಂಥ ಅಂಕಿಗಳು ಸಿಗುತ್ತವೆ. ಅದೂ ಕಾಂಟ್ರಾಸ್ಟ್ 10:1ಕ್ಕೆ ಇಳಿಯುವವರೆಗಿನ ಲೆಕ್ಕ, ಅಂದರೆ ಚಿತ್ರ ಅದಾಗಲೇ ಕೆಟ್ಟಿರುತ್ತದೆ. 1996ರ ಹೊತ್ತಿಗೆ ಹಿಟಾಚಿ ಮಾರುಕಟ್ಟೆಗೆ ತಂದ ಐಪಿಎಸ್ ಬಗೆಯಲ್ಲಿ ಅಣುಗಳು ಗಾಜಿಗೆ ಸಮಾನಾಂತರವಾಗಿಯೇ ತಿರುಗುವುದರಿಂದ ಈ ತೊಂದರೆ ಬಹುಮಟ್ಟಿಗೆ ಇಲ್ಲ. ಆದರೂ ಲ್ಯಾಪ್‌ಟಾಪ್‌ಗಳು ಟಿಎನ್ ಬಿಡಲು ಎರಡು ದಶಕ ತೆಗೆದುಕೊಂಡವು. 2017ರ ಮ್ಯಾಕ್‌ಬುಕ್ ಏರ್‌ನಲ್ಲೂ ಟಿಎನ್ ಇತ್ತೆಂದರೆ ಸಾಕು. ಈಗ ನಲವತ್ತು ಸಾವಿರದ ಆಸುಪಾಸಿನ ಬಹುಪಾಲು ಮಾಡೆಲ್ಲುಗಳಲ್ಲಿ ಐಪಿಎಸ್ ಅಥವಾ ಅದೇ ಬಗೆಯ ಪ್ಯಾನೆಲ್ ಸಿಗುತ್ತದೆ. ಇದು ನಿಜವಾದ ಪ್ರಗತಿ. ಮೂಲೆಯಲ್ಲಿ ಸೋರುವ ಐಪಿಎಸ್ ಪರದೆ ಸೋರದ ಟಿಎನ್ ಪರದೆಗಿಂತ ನೂರು ಪಾಲು ಮೇಲು ಎಂದು ಹೇಳಲು ನನಗೆ ಯಾವ ಅಳುಕೂ ಇಲ್ಲ.

ಹಾಗಾದರೆ ಹಗಲೆಲ್ಲ ಕಣ್ಣೆದುರು ಇದ್ದರೂ ಗುರುತಿಗೆ ಬಾರದ ಕೊರತೆ ಯಾವುದು? ಆನ್‌ಲೈನ್ ಮಳಿಗೆಯಲ್ಲಿ ಅಗ್ಗದ ಲ್ಯಾಪ್‌ಟಾಪಿನ ವಿವರಪಟ್ಟಿ ಓದಿ. ಪ್ರೊಸೆಸರಿನ ಪೀಳಿಗೆ, ರ್‍ಯಾಮ್, ಎಸ್‌ಎಸ್‌ಡಿಗೆಲ್ಲ ಸಾಲುಗಟ್ಟಲೆ ವಿವರ. ಪರದೆಗೆ ಒಂದೇ ಸಾಲು: 15.6 ಇಂಚು, ಫುಲ್ ಎಚ್‌ಡಿ, ಆ್ಯಂಟಿ ಗ್ಲೇರ್. ಸ್ವಲ್ಪ ಪ್ರಾಮಾಣಿಕ ಕಂಪನಿಯಾದರೆ ಕೊನೆಯಲ್ಲಿ ಸಣ್ಣದಾಗಿ 250 ನಿಟ್, ಶೇ 45 ಎನ್‌ಟಿಎಸ್‌ಸಿ ಎಂದಿರುತ್ತದೆ. ಕೆಲವರು ‘ಐಪಿಎಸ್ ಲೆವೆಲ್’ ಎನ್ನುತ್ತಾರೆ. ಐಪಿಎಸ್ ಹೌದೋ ಅಲ್ಲವೋ ಎಂದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಉತ್ತರ.

ಶೇ 45 ಎನ್‌ಟಿಎಸ್‌ಸಿ ಎಂದರೆ ಏನೆಂದು ಹೆಚ್ಚಿನವರು ಕೇಳುವುದೇ ಇಲ್ಲ. ಎನ್‌ಟಿಎಸ್‌ಸಿ ಎಂಬುದು ಅಮೆರಿಕದಲ್ಲಿ 1953ರಲ್ಲಿ ಬಣ್ಣದ ಟಿವಿಗಾಗಿ ಗೊತ್ತುಮಾಡಿದ ಬಣ್ಣಗಳ ವ್ಯಾಪ್ತಿ. ಇಂದು ಅಂತರ್ಜಾಲದ ಚಿತ್ರಗಳು ಪಾಲಿಸುವ ಎಸ್‌ಆರ್‌ಜಿಬಿ ವ್ಯಾಪ್ತಿ ವಿಸ್ತೀರ್ಣದಲ್ಲಿ ಅದರ ಶೇ 72ರಷ್ಟಿದೆ. ಆದ್ದರಿಂದ ಶೇ 45 ಎಂದರೆ ಎಸ್‌ಆರ್‌ಜಿಬಿಯ ಮೂರರಲ್ಲಿ ಎರಡು ಪಾಲಿಗೂ ತುಸು ಕಡಿಮೆ. ಕೆಂಪು ಇಟ್ಟಿಗೆಯ ಬಣ್ಣಕ್ಕೆ ಇಳಿಯುತ್ತದೆ, ಹಸಿರು ಹಳದಿಗೆ ವಾಲುತ್ತದೆ, ಮುಖಗಳು ಬಾಡಿದಂತೆ ಕಾಣುತ್ತವೆ. ಮದುವೆ ಫೋಟೊ ತಿದ್ದುವವರು ಇಂಥ ಪರದೆಯಲ್ಲಿ ರೇಷ್ಮೆ ಸೀರೆಯ ಬಣ್ಣ ಸರಿಮಾಡಿ ಮುದ್ರಣಕ್ಕೆ ಕಳಿಸಿದರೆ ಗ್ರಾಹಕರ ಬೈಗುಳ ಖಚಿತ. ತಯಾರಕರು ಹೀಗೇಕೆ ಮಾಡುತ್ತಾರೆ? ಬಣ್ಣದ ಫಿಲ್ಟರ್ ಗಾಢವಾದಷ್ಟೂ ಬಣ್ಣ ಶುದ್ಧ, ಆದರೆ ಬೆಳಕು ಹೆಚ್ಚು ನುಂಗಿಹೋಗುತ್ತದೆ. ಆಗ ಎಲ್‌ಇಡಿ ಹೆಚ್ಚು ಬೇಕು, ಬ್ಯಾಟರಿ ಬೇಗ ಖಾಲಿ. ಪೇಲವ ಫಿಲ್ಟರ್ ಹಾಕಿದರೆ ಕಡಿಮೆ ಎಲ್‌ಇಡಿಯಲ್ಲೇ 250 ನಿಟ್ ಮುಟ್ಟಬಹುದು. ಅಗ್ಗದ ಪ್ಯಾನೆಲ್ಲಿನ ಪೇಲವ ಬಣ್ಣ ಆಕಸ್ಮಿಕವಲ್ಲ, ಲೆಕ್ಕ ಹಾಕಿ ಮಾಡಿದ ಉಳಿತಾಯ.

ಆ 250 ನಿಟ್ ಕೂಡ ಕೋಣೆಯೊಳಗಿನ ಮಾತು. ಹಗಲಿನಲ್ಲಿ ಜಗಲಿಯಲ್ಲೋ ಕಿಟಕಿಗೆ ಬೆನ್ನು ಹಾಕಿಯೋ ಕೂತರೆ ಓದುವುದಕ್ಕೆ ಕಣ್ಣು ಕಿರಿದು ಮಾಡಬೇಕು. ಅಗ್ಗದ ಟಿಎನ್ ಪ್ಯಾನೆಲ್ಲುಗಳು 220 ನಿಟ್ಟಿಗೇ ನಿಲ್ಲುತ್ತವೆ. ಇತ್ತ ಹದಿನೈದು ಸಾವಿರದ ಮೊಬೈಲ್ ಫೋನಿನಲ್ಲಿ ಅಮೋಲೆಡ್ ಪರದೆ ಬಂದು ವರ್ಷಗಳಾದವು, ಅದರ ಬಣ್ಣ ಮತ್ತು ಹೊಳಪು ಮೂರು ಪಟ್ಟು ಬೆಲೆಯ ಲ್ಯಾಪ್‌ಟಾಪಿಗಿಂತ ಮೇಲು. ಫೋನ್ ಕೊಳ್ಳುವವರು ಅಂಗಡಿಯಲ್ಲಿ ಪರದೆ ನೋಡಿ ತೀರ್ಮಾನಿಸುತ್ತಾರೆ. ಲ್ಯಾಪ್‌ಟಾಪ್ ಕೊಳ್ಳುವವರು ಕೀಬೋರ್ಡಿನ ಪಕ್ಕದ ಸ್ಟಿಕ್ಕರ್ ಓದಿ ತೀರ್ಮಾನಿಸುತ್ತಾರೆ. ತಯಾರಕರು ದುಡ್ಡನ್ನು ಸ್ಟಿಕ್ಕರಿನ ಕಡೆಗೇ ಸುರಿಯುತ್ತಾರೆ. ಅಗ್ಗದ ಗೇಮಿಂಗ್ ಲ್ಯಾಪ್‌ಟಾಪಿನದು ಇನ್ನೂ ತಮಾಷೆ. 144 ಹರ್ಟ್ಸ್ ಪರದೆ ಎಂದರೆ ಪ್ರತಿ 7 ಮಿಲಿಸೆಕೆಂಡಿಗೆ ಹೊಸ ಚಿತ್ರ. ಒಂದು ಬೂದಿನಿಂದ ಇನ್ನೊಂದಕ್ಕೆ ತಿರುಗಲು ಪ್ಯಾನೆಲ್ಲಿಗೆ ಬೇಕಾದ ಸಮಯ ಕೆಲವೊಮ್ಮೆ 25-30 ಮಿಲಿಸೆಕೆಂಡ್. ಹಿಂದಿನ ಚಿತ್ರ ಅಳಿಯುವ ಮೊದಲೇ ಮೂರು ಹೊಸ ಚಿತ್ರ ಬಂದಿರುತ್ತವೆ.

ಕನ್ನಡ ಓದುವವರಿಗೆ ಇನ್ನೊಂದು ತೊಂದರೆ ಇದೆ, ಅದನ್ನು ಯಾವ ವಿಮರ್ಶಕರೂ ಪ್ರಸ್ತಾಪಿಸಿದ್ದನ್ನು ನಾನು ಕಂಡಿಲ್ಲ. ಹದಿನೈದೂವರೆ ಇಂಚಿನ ಪರದೆಯಲ್ಲಿ 1366×768 ಪಿಕ್ಸೆಲ್ ಎಂದರೆ ಇಂಚಿಗೆ 100 ಪಿಕ್ಸೆಲ್. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಒಟ್ಟು 16 ಪಿಕ್ಸೆಲ್ ಎತ್ತರ ಸಿಗುತ್ತದೆ. ಅದರಲ್ಲೇ ಮೂಲಾಕ್ಷರ, ಮೇಲಿನ ಗುಣಿತದ ಗುರುತು, ಕೆಳಗಿನ ಒತ್ತಕ್ಷರ ಎಲ್ಲ ಹಿಡಿಸಬೇಕು. ಇಂಗ್ಲಿಷ್ ಅಕ್ಷರ ಇಷ್ಟರಲ್ಲಿ ನೆಮ್ಮದಿಯಾಗಿ ಕೂರುತ್ತದೆ. ನಮ್ಮದಕ್ಕೆ ಆಗುವುದಿಲ್ಲ. ದ ಮತ್ತು ಧ ನಡುವಿನ ಹೊಟ್ಟೆ ಸೀಳಿದ ಗೆರೆ, ಥ ಒಳಗಿನ ಚುಕ್ಕೆ, ಪ ಮತ್ತು ಷ ನಡುವಿನ ವ್ಯತ್ಯಾಸ ಎಲ್ಲವೂ ಒಂದು ಪಿಕ್ಸೆಲ್ಲಿನ ಮೇಲೆ ನಿಂತಿರುತ್ತವೆ. ‘ಸ್ವಾತಂತ್ರ್ಯ’ದ ಕೊನೆಯಲ್ಲಿ ಮೂರು ವ್ಯಂಜನ ಒಂದರ ಕೆಳಗೊಂದು ಇಳಿದು ಬೂದು ಮಸಿಯಾಗುತ್ತವೆ. ವಿಂಡೋಸ್ ಎಕ್ಸ್‌ಪಿ ಕಾಲದ ತುಂಗಾ ಫಾಂಟ್ ಇರಲಿ, ವಿಂಡೋಸ್ 8ರಿಂದ ಬಂದ ನಿರ್ಮಲಾ ಯುಐ ಇರಲಿ, ಪಿಕ್ಸೆಲ್ಲೇ ಇಲ್ಲದ ಕಡೆ ಅಕ್ಷರ ವಿನ್ಯಾಸಕಾರರು ಮಾಡುವುದೇನೂ ಇಲ್ಲ. ಅದೇ ಗಾತ್ರದಲ್ಲಿ ಫುಲ್ ಎಚ್‌ಡಿ ಇಂಚಿಗೆ 141 ಪಿಕ್ಸೆಲ್ ಕೊಡುತ್ತದೆ. ಕರಡು ತಿದ್ದುವವರು, ಪತ್ರಿಕೆಯಲ್ಲಿ ಪುಟ ಕಟ್ಟುವವರು, ಕನ್ನಡ ಪಠ್ಯ ಓದುವ ವಿದ್ಯಾರ್ಥಿಗಳು ಮೂಲೆಯ ಸೋರಿಕೆಗಿಂತ ಮೊದಲು ಈ ಅಂಕಿಯನ್ನು ನೋಡಬೇಕು. ಕನ್ನಡಕ್ಕೆ 1366×768 ಸಾಲದು, ಅಷ್ಟೇ.

ಡೇಟಾಶೀಟಿಗೆ ಮರಳೋಣ. ಪ್ಯಾನೆಲ್ ತಯಾರಕರು ತಮ್ಮ ಗಿರಾಕಿಗಳಾದ ಲ್ಯಾಪ್‌ಟಾಪ್ ಕಂಪನಿಗಳಿಗೆ ಕೊಡುವ ಹಾಳೆಯಲ್ಲಿ ಸಮಾನತೆಗೂ ಒಂದು ಅಂಕಿ ಇರುತ್ತದೆ. ಪರದೆಯ 5 ಬಿಂದುಗಳಲ್ಲಿ, ಮತ್ತೆ 13 ಬಿಂದುಗಳಲ್ಲಿ ಹೊಳಪು ಅಳೆದು, ಅತಿ ಹೆಚ್ಚಿನದನ್ನು ಅತಿ ಕಡಿಮೆಯದರಿಂದ ಭಾಗಿಸುತ್ತಾರೆ. ಹದಿಮೂರು ಬಿಂದುಗಳ ಲೆಕ್ಕದಲ್ಲಿ 1.6ರಷ್ಟು ವ್ಯತ್ಯಾಸಕ್ಕೂ ಅವಕಾಶವಿರುವುದುಂಟು. ಅಂದರೆ ಒಂದು ಕಡೆ 250 ನಿಟ್, ಇನ್ನೊಂದು ಕಡೆ 156 ಇದ್ದರೂ ಪಾಸು. ಇದೆಲ್ಲ ಬಿಳಿ ಪರದೆಯ ಅಳತೆ. ಕಾಂಟ್ರಾಸ್ಟ್ ಅಳೆಯುವುದು ಪರದೆಯ ನಟ್ಟನಡುವೆ. ಕಪ್ಪು ಪರದೆಯ ಮೂಲೆಗೆ ಅಲ್ಲಿ ಅಂಕಿಯೇ ಸಿಗದು. ಸಿಕ್ಕಿದ್ದರೂ ಅದು ಬಿಡಿ ಪ್ಯಾನೆಲ್ಲಿನದು, ಮುಚ್ಚಳಕ್ಕೆ ಅಂಟಿಸಿ ಬೆಜೆಲ್ ಒತ್ತಿದ ಮೇಲಿನದಲ್ಲ. ಹೀಗೆ ಸೋರಿಕೆ ಪ್ಯಾನೆಲ್ ತಯಾರಕರಿಗೂ ಸೇರದೆ, ಲ್ಯಾಪ್‌ಟಾಪ್ ಕಂಪನಿಗೂ ಸೇರದೆ ನಡುವೆ ಬೀಳುತ್ತದೆ.

ಸತ್ತ ಪಿಕ್ಸೆಲ್ಲಿನ ಕತೆ ಹಾಗಲ್ಲ. ಅದನ್ನು ಎಣಿಸಬಹುದು. 2001ರ ಐಎಸ್‌ಒ 13406-2 ಮಾನದಂಡ ಹತ್ತು ಲಕ್ಷ ಪಿಕ್ಸೆಲ್ಲಿಗೆ ಎಷ್ಟು ಕೆಟ್ಟಿರಬಹುದು ಎಂದು ವರ್ಗೀಕರಿಸಿತ್ತು. ಎರಡನೆಯ ವರ್ಗದಲ್ಲಿ ಸದಾ ಹೊಳೆಯುವ 2, ಸದಾ ಕಪ್ಪಾಗಿರುವ 2, ಉಪಪಿಕ್ಸೆಲ್ ಮಟ್ಟದ 5 ದೋಷಗಳಿಗೆ ಅನುಮತಿ. 2008ರಲ್ಲಿ ಅದರ ಜಾಗಕ್ಕೆ ಐಎಸ್‌ಒ 9241ರ ಹೊಸ ಭಾಗಗಳು ಬಂದವು. ಕಂಪನಿಗಳ ವಾರಂಟಿ ನಿಯಮಗಳಲ್ಲಿ ಪಿಕ್ಸೆಲ್ಲಿನ ಸಂಖ್ಯೆ ಕಾಣಸಿಗುವುದು ಈ ಎಣಿಕೆಯ ಬಲದಿಂದ. ಸೋರಿಕೆಗೆ ಅಂಥ ಸಂಖ್ಯೆಯಿಲ್ಲದ ಕಾರಣ ಅಲ್ಲಿ ಸರ್ವಿಸ್ ಎಂಜಿನಿಯರ್ ಹೇಳಿದ್ದೇ ವೇದವಾಕ್ಯ. ಲ್ಯಾಪ್‌ಟಾಪಿನ ತಳದಲ್ಲಿರುವ ಬಿಐಎಸ್ ಗುರುತು ವಿದ್ಯುತ್ ಸುರಕ್ಷತೆಗೆ ಸಂಬಂಧಿಸಿದ್ದು, ಪರದೆಯ ಗುಣಕ್ಕಲ್ಲ.

ಒಂದೇ ಮಾಡೆಲ್ ಕೊಂಡ ಇಬ್ಬರಿಗೆ ಬೇರೆ ಬೇರೆ ಪರದೆ ಸಿಗುವುದು ಇನ್ನೊಂದು ವಿಚಿತ್ರ. ಲ್ಯಾಪ್‌ಟಾಪ್ ಕಂಪನಿಗಳು ಸ್ವತಃ ಪ್ಯಾನೆಲ್ ಮಾಡುವುದು ಅಪರೂಪ. ಚೀನಾದ ಬಿಒಇ, ತೈವಾನಿನ ಎಯುಒ ಮತ್ತು ಇನ್ನೊಲಕ್ಸ್, ಕೊರಿಯಾದ ಎಲ್‌ಜಿ ಡಿಸ್‌ಪ್ಲೇಯಂಥವರಿಂದ ಆ ತಿಂಗಳು ಯಾರದು ಅಗ್ಗವೋ ಅವರದನ್ನು ಕೊಳ್ಳುತ್ತಾರೆ. ಪೆಟ್ಟಿಗೆಯ ಮೇಲಿನ ಹೆಸರು ಒಂದೇ, ಒಳಗಿನ ಗಾಜು ಲಾಟರಿ. ಯಾವುದು ಬಂದಿದೆ ಎಂದು ತಿಳಿಯಲು ಬಿಚ್ಚಬೇಕಿಲ್ಲ. ಪರದೆ ತನ್ನ ಗುರುತನ್ನು ಕಂಪ್ಯೂಟರಿಗೆ ಹೇಳಿರುತ್ತದೆ. ವಿಂಡೋಸ್‌ನ ಡಿವೈಸ್ ಮ್ಯಾನೇಜರಿನಲ್ಲಿ ಮಾನಿಟರಿನ ಹಾರ್ಡ್‌ವೇರ್ ಐಡಿ ನೋಡಿದರೆ ಬಿಒಇ, ಎಯುಒ, ಸಿಎಂಎನ್, ಎಲ್‌ಜಿಡಿ ಎಂಬ ಮೂರಕ್ಷರ ಕಾಣುತ್ತದೆ. ಸಿಎಂಎನ್ ಎಂದರೆ ಇನ್ನೊಲಕ್ಸ್. ನೋಟ್‌ಬುಕ್‌ಚೆಕ್‌ನಂಥ ಪರೀಕ್ಷಾ ಸಂಸ್ಥೆಗಳು ಪ್ಯಾನೆಲ್ ಸಂಖ್ಯೆಯ ಸಮೇತ ಹೊಳಪು, ಕಪ್ಪಿನ ಮಟ್ಟ, ಬಣ್ಣದ ವ್ಯಾಪ್ತಿ, ಮಿನುಗಿನ ಆವರ್ತವನ್ನು ಉಪಕರಣದಿಂದ ಅಳೆದು ಪ್ರಕಟಿಸುತ್ತವೆ. ಕೊಳ್ಳುವ ಮುನ್ನ ಅರ್ಧ ಗಂಟೆ ಅದನ್ನು ಓದುವುದು ಹತ್ತು ಜಾಹೀರಾತಿಗಿಂತ ಲೇಸು. ಮಿನುಗು ಎಂದರೆ, ಹೊಳಪು ತಗ್ಗಿಸಲು ಕೆಲವು ಪರದೆಗಳು ದೀಪವನ್ನು ಸೆಕೆಂಡಿಗೆ ಇನ್ನೂರರಷ್ಟು ಬಾರಿ ಆರಿಸಿ ಹೊತ್ತಿಸುತ್ತವೆ. ಕಣ್ಣಿಗೆ ಕಾಣದಿದ್ದರೂ ಕೆಲವರಿಗೆ ಸಂಜೆಯ ತಲೆನೋವಿಗೆ ಅದೇ ಕಾರಣ. ಯಾವ ವಿವರಪಟ್ಟಿಯೂ ಇದನ್ನು ಹೇಳುವುದಿಲ್ಲ.

ಹೊಸ ಲ್ಯಾಪ್‌ಟಾಪ್ ಮನೆಗೆ ಬಂದ ಮೊದಲ ಸಂಜೆಯೇ ಪರದೆ ನೋಡಿಕೊಳ್ಳುವುದು ಜಾಣತನ, ಬದಲಿಸಿಕೊಡುವ ಅವಧಿ ಕೆಲವೇ ದಿನದ್ದಾಗಿರುತ್ತದೆ. ಅರ್ಧ ಗಂಟೆ ಚಾಲೂ ಇಟ್ಟು ಬಿಸಿಯಾದ ಮೇಲೆ, ಕೋಣೆ ಕತ್ತಲು ಮಾಡಿ, ಇಡೀ ಪರದೆಗೆ ಕಪ್ಪು ಚಿತ್ರ ಹಾಕಿ, ದಿನವೂ ಬಳಸುವ ಹೊಳಪಿನಲ್ಲಿ ಕೈಯಳತೆಯ ದೂರದಿಂದ ನೋಡಬೇಕು. ಹೊಳಪನ್ನು ನೂರಕ್ಕೇರಿಸಿ ನೋಡಿದರೆ ಸೋರಿಕೆಯೂ ಅದೇ ಪ್ರಮಾಣದಲ್ಲಿ ಏರುತ್ತದೆ, ಸುಮ್ಮನೆ ಹೆದರಿಕೆ. ಫೋನಿನಲ್ಲಿ ಫೋಟೊ ತೆಗೆದರಂತೂ ಸೋರಿಕೆ ಕಾಳ್ಗಿಚ್ಚಿನಂತೆ ಕಾಣುತ್ತದೆ, ಏಕೆಂದರೆ ಕತ್ತಲ ದೃಶ್ಯ ಕಂಡ ಕ್ಯಾಮೆರಾ ತಾನಾಗಿ ಹೆಚ್ಚು ಬೆಳಕು ಎಳೆದುಕೊಳ್ಳುತ್ತದೆ. ಬದಲಾವಣೆ ಕೇಳಬೇಕೋ ಬೇಡವೋ ಎಂಬುದಕ್ಕೆ ನನ್ನದೊಂದು ಒರಟು ಅಳತೆ ಇದೆ. ಕತ್ತಲ ದೃಶ್ಯಗಳಿರುವ ಸಿನಿಮಾವನ್ನು ಮಂದ ದೀಪದ ಕೋಣೆಯಲ್ಲಿ ಹತ್ತು ನಿಮಿಷ ನೋಡಿ. ಕತೆ ಬಿಟ್ಟು ಕಣ್ಣು ಮೂಲೆಗೆ ಹೋದರೆ ಬದಲಿಸಿ, ಹೋಗದಿದ್ದರೆ ಬಿಟ್ಟುಬಿಡಿ. ಬದಲಿಗೆ ಬರುವುದೂ ಅದೇ ಲಾಟರಿಯ ಇನ್ನೊಂದು ಚೀಟಿ, ಅದರಲ್ಲಿ ಸೋರಿಕೆಯಿಲ್ಲದೆ ಸತ್ತ ಪಿಕ್ಸೆಲ್ ಇರಬಹುದು.

ಕಂಪನಿ ಒಪ್ಪದಿದ್ದರೆ ಕಾನೂನಿನ ದಾರಿ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗುಣಮಟ್ಟದ ಕೊರತೆಯನ್ನೂ ದೋಷವೆಂದೇ ಪರಿಗಣಿಸುತ್ತದೆ. 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು, ಜಿಲ್ಲಾ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಆದರೆ ಮೂಲೆಯ ಅರ್ಧ ನಿಟ್ಟನ್ನು ಆಯೋಗದ ಮುಂದೆ ಸಾಬೀತುಪಡಿಸುವುದು ಹೇಗೆಂಬುದು ಬೇರೆ ಪ್ರಶ್ನೆ. ಒಪ್ಪಬಹುದಾದ ಸೋರಿಕೆಗೆ ಸಂಖ್ಯೆಯೊಂದನ್ನು ಗೊತ್ತುಮಾಡಿ ವಾರಂಟಿಯಲ್ಲಿ ಮುದ್ರಿಸುವವರೆಗೆ ಈ ಜಗಳ ‘ನಿಮಗೆ ಹಾಗೆ ಕಾಣುತ್ತದೆ’ ಎಂಬಲ್ಲೇ ನಿಲ್ಲುತ್ತದೆ.

ವಾರಂಟಿ ಮುಗಿದವರು ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಹೋಗುತ್ತಾರೆ. ಅಲ್ಲಿ ಸ್ಕ್ರೀನ್ ಬದಲಿಸುವುದು ಬಹುಪಾಲು ಮಾಡೆಲ್ಲುಗಳಿಗೆ ಹೆಚ್ಚು ಹೊತ್ತಿನ ಕೆಲಸವಲ್ಲ. ಇತ್ತೀಚಿನ ಪ್ಯಾನೆಲ್ಲುಗಳು ಹೆಚ್ಚಾಗಿ 30 ಪಿನ್ನಿನ ಕನೆಕ್ಟರಿನವು, ಗಾತ್ರ ಮತ್ತು ಅಂಟಿಸುವ ಬಗೆ ಹೊಂದಿದರೆ ಒಂದು ಕಂಪನಿಯ ಜಾಗಕ್ಕೆ ಇನ್ನೊಂದರದು ಕೂರುತ್ತದೆ. ಮಂಕಾದ ಪ್ಯಾನೆಲ್ ತೆಗೆಸಿ ಹೆಚ್ಚು ಹೊಳಪು ಮತ್ತು ಬಣ್ಣದ ಪ್ಯಾನೆಲ್ ಹಾಕಿಸುವುದು ಹಳೆಯ ಲ್ಯಾಪ್‌ಟಾಪಿಗೆ ಕೊಡಬಹುದಾದ ಅತ್ಯುತ್ತಮ ಚಿಕಿತ್ಸೆ ಎಂಬುದು ನನ್ನ ಅಭಿಪ್ರಾಯ. ಅಂಗಡಿಯವರು ಬರೀ ಇಂಚು ಕೇಳುತ್ತಾರೆ. ಪ್ಯಾನೆಲ್ಲಿನ ಸಂಖ್ಯೆ ಹೇಳಿ ಕೇಳಬೇಕಾದವರು ನಾವು. ಬೆಜೆಲಿನ ಸ್ಕ್ರೂ ತುಸು ಸಡಿಲಿಸಿದಾಗ ಒತ್ತಡದ ತೇಪೆ ಮಾಯವಾಗುವುದೂ ಉಂಟು. ಬೆರಳಿನಿಂದ ತಿಕ್ಕಿ ತೇಪೆ ಹೋಗಿಸುವ ಉಪಾಯ ಮಾತ್ರ ಬೇಡ, ತೇಪೆಯ ಬದಲು ಗಾಜೇ ಹೋಗುತ್ತದೆ.

ಸೋರಿಕೆಯಿಂದ ಪೂರ್ತಿ ಬಿಡುಗಡೆ ಓಎಲ್‌ಇಡಿಯಲ್ಲಿ. ಅಲ್ಲಿ ಪ್ರತಿ ಪಿಕ್ಸೆಲ್ಲೂ ತಾನೇ ಹೊಳೆಯುವುದರಿಂದ ಹಿಂದೆ ದೀಪವಿಲ್ಲ, ಸೋರಲು ಏನೂ ಇಲ್ಲ. 2021ರಲ್ಲಿ ಏಸಸ್ ಕಂಪನಿ ವಿವೊಬುಕ್ ಕೆ15 ಓಎಲ್‌ಇಡಿಯನ್ನು ಭಾರತದಲ್ಲಿ ಐವತ್ತು ಸಾವಿರದೊಳಗಿನ ಆರಂಭಿಕ ಬೆಲೆಗೆ ತಂದಾಗ ಈ ಬಗೆ ಮಧ್ಯಮವರ್ಗದ ಕೈಗೆಟುಕಿತು. ಅದಕ್ಕೂ ಅದರದೇ ಕಾಟಗಳಿವೆ. ಮಿನುಗು ಇಲ್ಲಿ ಹೆಚ್ಚು ಸಾಮಾನ್ಯ. ಹೊಳೆಯುವ ಗಾಜು ಕಿಟಕಿಯನ್ನೆಲ್ಲ ಪ್ರತಿಬಿಂಬಿಸುತ್ತದೆ. ಬಿಳಿ ಪುಟ ಹೆಚ್ಚು ಹೊತ್ತು ತೆರೆದಿಟ್ಟಷ್ಟೂ ಬ್ಯಾಟರಿ ಬೇಗ ಇಳಿಯುತ್ತದೆ, ಟಾಸ್ಕ್‌ಬಾರಿನಂತೆ ಕದಲದೆ ನಿಂತ ಚಿತ್ರ ವರ್ಷಗಳಲ್ಲಿ ಪರದೆಯ ಮೇಲೆ ನೆರಳು ಉಳಿಸಬಹುದು. ರಾತ್ರಿ ಸಿನಿಮಾ ನೋಡುವವರು, ಫೋಟೊ ಕೆಲಸದವರು ಧಾರಾಳವಾಗಿ ಅದನ್ನು ಆರಿಸಿಕೊಳ್ಳಲಿ. ದಿನಕ್ಕೆ ಎಂಟು ಗಂಟೆ ಎಕ್ಸೆಲ್ ಮತ್ತು ನುಡಿ ಕನ್ನಡ ತಂತ್ರಾಂಶದಲ್ಲಿ ಕಳೆಯುವವರಿಗೆ 300 ನಿಟ್, ಶೇ 72 ಎನ್‌ಟಿಎಸ್‌ಸಿಯ ಫುಲ್ ಎಚ್‌ಡಿ ಐಪಿಎಸ್ ಸಾಕು. ಮೂಲೆಯಲ್ಲಿ ಸ್ವಲ್ಪ ಸೋರಿದರೆ ಸೋರಲಿ.